ಕರಿದಿಬ್ಬದ ಗುಮ್ಮ

"ಅಳುವ ಮರಿಗೆ ಗುಮ್ಮನೇ ಜೋಗುಳ."

ಸೂಜವ್ವ ಎಂಬ ಮುಳ್ಳುಹಂದಿ ಎಳೆಯವಳಾಗಿದ್ದಾಗ ಅವಳ ತಾಯಿ ಈ ಗಾದೆಯನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಆ ತಾಯಿಗೆ ಅದನ್ನು ಅವಳ ತಾಯಿ ಕಲಿಸಿದ್ದಳು. ಅತ್ತಿಹಳ್ಳದ ಕಾಡಿನಲ್ಲಿ ಯಾವ ಬಿಲದಲ್ಲಿ, ಯಾವ ಪೊದೆಯಲ್ಲಿ ಮರಿಯೊಂದು ಅತ್ತರೂ ಹಿರಿಯರು ಮಾಡುತ್ತಿದ್ದುದು ಒಂದೇ ಕೆಲಸ: ಕಣ್ಣರಳಿಸಿ, ದನಿ ತಗ್ಗಿಸಿ, "ಶ್! ಗುಮ್ಮ ಬಂದ" ಎನ್ನುವುದು. ಅಳು ಕತ್ತರಿಸಿದಂತೆ ನಿಂತುಬಿಡುತ್ತಿತ್ತು. ಸೂಜವ್ವನೂ ತನ್ನ ಹನ್ನೊಂದು ಮರಿಗಳನ್ನು ಹೀಗೆಯೇ ಬೆಳೆಸಿ, ಅವರವರ ಬಿಲಗಳಿಗೆ ಕಳುಹಿಸಿಕೊಟ್ಟಿದ್ದಳು.

ಆದರೆ ಮಕ್ಕಳೇ, ಸುಮ್ಮನಾಗುವುದೂ ಸಮಾಧಾನವಾಗುವುದೂ ಒಂದೆಯೇ?

ಈ ಪ್ರಶ್ನೆಯನ್ನು ಆ ಕಾಡಿನಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ಸೂಜವ್ವ ಅದನ್ನು ಮೊದಲ ಸಲ ಕೇಳಿಕೊಂಡದ್ದು ಒಂದು ಮಟಮಟ ಮಧ್ಯಾಹ್ನ, ನಾಲಿಗೆಯ ಪಸೆ ಆರಿ, ಕರಿದಿಬ್ಬದ ನಡುವೆ ಒಬ್ಬಳೇ ನಿಂತಿದ್ದಾಗ. ಅಲ್ಲಿಗೆ ಅವಳು ಹೋದದ್ದು ಹೇಗೆಂಬುದನ್ನು ಮೊದಲು ಹೇಳುತ್ತೇನೆ.

ಅತ್ತಿಹಳ್ಳವೆಂಬುದು ಒಂದು ತೊರೆ. ಅದು ಕಾಡನ್ನು ಎರಡು ಪಾಲು ಮಾಡಿ ಹರಿಯುತ್ತಿತ್ತು. ಆ ವರ್ಷದ ಬೇಸಿಗೆಯಲ್ಲಿ, ಸೂರ್ಯ ನೆತ್ತಿಯ ಮೇಲಿದ್ದ ಹೊತ್ತಿನಲ್ಲಿ, ತೊರೆಯಾಚೆಗಿನ ತೆಂಕಣ ದಿಬ್ಬಕ್ಕೆ ಕಾಡುಕಿಚ್ಚು ಹತ್ತಿತು. ಓಡಬಲ್ಲವರು ಓಡಿ ತೊರೆ ದಾಟಿದರು. ಓಡಲಾರದವರು ಅಲ್ಲೇ ಉಳಿದರು. ಕಿಚ್ಚು ನೀರಿನ ಅಂಚಿಗೆ ಬಂದು ನಿಂತಿತು.

ಅಂದಿನಿಂದ ಆ ದಿಬ್ಬಕ್ಕೆ ಕರಿದಿಬ್ಬ ಎಂಬ ಹೆಸರಾಯಿತು. ಅಲ್ಲಿ ಮರಗಳು ಬೀಳದೆ, ಇದ್ದಲಾಗಿ, ನಿಂತೇ ಇದ್ದವು. ಎಲೆಗಳಿರಲಿಲ್ಲ, ನೆರಳು ಮಾತ್ರ ಇತ್ತು. ಹಕ್ಕಿಗಳು ಅದರ ಮೇಲಿನ ಆಕಾಶವನ್ನೂ ಬಳಸಿಕೊಂಡು ಹಾರುತ್ತಿದ್ದವು. ಗಾಳಿ ಬಂದಾಗ ಟೊಳ್ಳಾದ ಕಾಂಡಗಳ ಒಳಗಿನಿಂದ "ಹೂಂ... ಹೂಂ..." ಎಂಬ ದನಿ ಹೊರಡುತ್ತಿತ್ತು. ಯಾರೂ ಹೇಳದ ಕತೆಗೆ ಯಾರೋ ಕುಳಿತು ಹೂಂಗುಟ್ಟುತ್ತಿರುವಂತೆ!

"ಗುಮ್ಮ ಅಲ್ಲೇ ಮನೆ ಮಾಡಿದ್ದಾನೆ" ಎಂದು ಈಚೆ ದಡದವರು ಮಾತಾಡಿಕೊಂಡರು.

ಕಿಚ್ಚು ಆರಿದ ಮೂರನೆಯ ದಿನ ಕಾಡುಹಂದಿ ದಾಡೆಪ್ಪ ಧೈರ್ಯ ಮಾಡಿ ದಿಬ್ಬ ಹತ್ತಿದ. ಅವನ ಹಳೆಯ ಮನೆ ಅಲ್ಲೇ ಇತ್ತು. ಸುಟ್ಟ ಮತ್ತಿಮರವೊಂದರ ಬುಡದಲ್ಲಿ ಅವನಿಗೊಂದು ದೊಡ್ಡ ಉಂಡೆ ಕಂಡಿತು. ಅದು ಚಿಪ್ಪುಹಂದಿ. ಹೆದರಿದಾಗ ಮೈಯನ್ನು ಸುತ್ತಿ ಉಂಡೆಯಾಗುವುದು ಚಿಪ್ಪುಹಂದಿಗಳ ರೀತಿ. ಈ ಉಂಡೆ ಕಪ್ಪಾಗಿತ್ತು, ಅಲುಗಾಡಲಿಲ್ಲ. ದಾಡೆಪ್ಪ ಮೂತಿಯಿಂದ ಮುಟ್ಟಿದ. ಉಂಡೆ ತಾನಾಗಿ ಬಿಚ್ಚಿಕೊಂಡಿತು. ಅದರೊಳಗೆ ಇನ್ನೊಂದು ಪುಟ್ಟ ಉಂಡೆ. ಅದು ಉಸಿರಾಡುತ್ತಿತ್ತು.

ಮರಿಯನ್ನು ಅತ್ತಿಮರದ ಕೆಳಗಿನ ಸಭೆಗೆ ತಂದರು.

"ಯಾರು ಸಾಕುತ್ತೀರಿ?" ಎಂದ ದಾಡೆಪ್ಪ. ತಾನೇ ಉತ್ತರವನ್ನೂ ಕೊಟ್ಟ: "ಕೇಳುವುದೇನು! ಇದು ಚಿಪ್ಪುಹಂದಿ, ಸೂಜವ್ವ ಮುಳ್ಳುಹಂದಿ. ಹಂದಿಗೆ ಹಂದಿ. ಸಂಬಂಧ ಕೂಡಿತು!"

"ಹಾಗಾದರೆ ನೀನೂ ನೆಂಟನೇ ಅಲ್ಲವೇ, ದಾಡೆಪ್ಪಣ್ಣ?" ಎಂದು ಕೊಂಬೆಯ ಮೇಲಿದ್ದ ಕೆಂಜಳಿಲು ಕೆಂಪಕ್ಕ ಕಿಸಕ್ಕೆಂದಳು.

"ನಾನು ಬರೀ ಹಂದಿ ಕಣಮ್ಮ. ಹಿಂದೆ ಚಿಪ್ಪೂ ಇಲ್ಲ, ಮುಳ್ಳೂ ಇಲ್ಲ."

ಎಲ್ಲರೂ ನಕ್ಕರು. ಆ ಮೂವರಲ್ಲಿ ನಿಜವಾದ ಹಂದಿ ಅವನೊಬ್ಬನೇ ಎಂಬುದು ಯಾರಿಗೂ ಹೊಳೆಯಲಿಲ್ಲ. ಸೂಜವ್ವನಂತೂ ಆ ಪುಟ್ಟ ಉಂಡೆಯನ್ನು ನೋಡಿದೊಡನೆ ಕರಗಿಹೋಗಿದ್ದಳು. "ಕೊಡಿ ಇಲ್ಲಿ. ಹನ್ನೊಂದು ಸಾಕಿದವಳಿಗೆ ಹನ್ನೆರಡನೆಯದು ಭಾರವೇ?" ಎಂದಳು. ಮರಿಗೆ 'ಉಂಡೆ' ಎಂದೇ ಹೆಸರಾಯಿತು.

ಕಿಚ್ಚಿನಲ್ಲಿ ತಬ್ಬಲಿಗಳಾದ ಮರಿಗಳು ಒಟ್ಟು ಏಳು. ಅವುಗಳನ್ನು ಸಾಕುವವರಿಗೆಲ್ಲ ಮೂರು ದಿನಕ್ಕೊಮ್ಮೆ ಬೆಳಗಿನ ಹೊತ್ತು ಅತ್ತಿಮರದ ಕೆಳಗೆ ಪಾಠವೆಂದು ನಿಗದಿಯಾಯಿತು. ಪಾಠ ಹೇಳುವವರು ಮಂಗಟ್ಟೆ ಮೇಷ್ಟ್ರು: ಬಿದಿರಿನಷ್ಟು ದಪ್ಪ ಕೊಕ್ಕಿನ, ಮಿತಭಾಷಿಯಾದ ಹಿರಿಯ ಹಕ್ಕಿ.

ಮೊದಲ ದಿನ ಸೂಜವ್ವ ಹೋಗಿ ಎಲ್ಲರಿಗಿಂತ ಹಿಂದೆ ಕುಳಿತಳು.

"ನನ್ನ ಮನೆಯಾಕೆ ಮೊಟ್ಟೆಯಿಡುವ ಕಾಲಕ್ಕೆ ಮರದ ಪೊಟರೆಯೊಳಗೆ ಹೋಗಿ ಬಾಗಿಲು ಮೆತ್ತಿಕೊಳ್ಳುತ್ತಾಳೆ" ಎಂದು ಮೇಷ್ಟ್ರು ಆರಂಭಿಸಿದರು. "ಕೊಕ್ಕಿನ ತುದಿ ತೂರುವಷ್ಟು ಸೀಳು ಮಾತ್ರ ಬಿಟ್ಟಿರುತ್ತಾಳೆ. ತಿಂಗಳುಗಟ್ಟಲೆ ನಾನು ಆ ಸೀಳಿನಿಂದಲೇ ಹಣ್ಣು ಕೊಡುತ್ತೇನೆ. ಆ ಗೋಡೆಯನ್ನು ಒಂದೇ ಏಟಿಗೆ ಒಡೆಯಬಲ್ಲ ಕೊಕ್ಕು ನನಗಿದೆ. ಒಡೆಯುವುದಿಲ್ಲ. ಒಡೆಯಬಲ್ಲ ಕೊಕ್ಕಿದ್ದೂ ಒಡೆಯದೆ ಕಾಯುವುದೇ ನಮ್ಮ ಮೊದಲ ಪಾಠ."

ಆಮೇಲೆ ಅವರು ಇನ್ನೆರಡು ಮಾತು ಹೇಳಿದರು. "ಮರಿ ಬೆಚ್ಚಿ ಓಡಿದರೆ ಓಡಿದ್ದನ್ನೇ ನೋಡುತ್ತ ನಿಲ್ಲಬೇಡಿ. ಓಡುವುದಕ್ಕೆ ಮೊದಲಿನ ಗಳಿಗೆಯನ್ನು ನೋಡಿ. ಆಗ ಅದಕ್ಕೆ ಏನು ಕಂಡಿತು, ಏನು ಕೇಳಿಸಿತು ಎಂದು ಹುಡುಕಿ. ಇನ್ನೊಂದು: ಮೊದಲು ನಿಮ್ಮ ರೋಮ ಇಳಿಯಲಿ, ಆಮೇಲೆ ಮರಿಯ ಬಳಿಗೆ ಹೋಗಿ."

ಸೂಜವ್ವನಿಗೆ ನಗು ತಡೆಯಲಾಗಲಿಲ್ಲ. "ಮೇಷ್ಟ್ರೇ, ಇದೆಲ್ಲ ಇರಲಿ. ನನ್ನ ಮರಿ ಗೆಣಸು ತಿನ್ನುವುದಿಲ್ಲ. ಎಂಥ ಸೊಗಸಾದ ಕಾಡುಗೆಣಸು ಕೊಟ್ಟರೂ ಮೂತಿ ತಿರುಗಿಸುತ್ತದೆ. ಅದಕ್ಕೆ ಮದ್ದು ಹೇಳಿ."

ಮೇಷ್ಟ್ರು ಕತ್ತು ಓರೆ ಮಾಡಿ ನೋಡಿದರು. "ಅದರ ಬಾಯೊಳಗೆ ಎಂದಾದರೂ ನೋಡಿದ್ದೀಯಾ, ಸೂಜವ್ವ?"

"ಏಕೆ?"

"ಹೆಸರಿನಲ್ಲಿ ಹಂದಿ ಇದೆ, ಬಾಯಲ್ಲಿ ಹಲ್ಲಿಲ್ಲ. ಅದು ಗೆದ್ದಲು ತಿನ್ನುವ ಮರಿ."

ಸಭೆ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಕೆಂಪಕ್ಕ. ಸೂಜವ್ವನ ಮುಖ ಕೆಂಪಡರಿತು. ಗೆದ್ದಲು ತುಂಬಿದ ಹುತ್ತದ ಹೆಂಟೆಯೊಂದನ್ನು ಕಚ್ಚಿಕೊಂಡು ಮನೆಗೆ ಹೋದವಳು ಮತ್ತೆ ಪಾಠದ ಕಡೆ ತಲೆಹಾಕಲಿಲ್ಲ. "ಹೆತ್ತು ಸಾಕಿದವಳು ನಾನು. ನನಗೆ ಗಂಡುಹಕ್ಕಿಯ ಪಾಠವೇ?" ಎಂದು ದಾರಿಯುದ್ದಕ್ಕೂ ಗೊಣಗಿದಳು. ನಾಚಿಕೆಯಾದಾಗ ಕೆಲವರು ಕಲಿಯುತ್ತಾರೆ, ಕೆಲವರು ಮುನಿಯುತ್ತಾರೆ. ಸೂಜವ್ವ ಮುನಿದಳು. ಅವಳ ತಪ್ಪು ಅಲ್ಲೇ ಇತ್ತು.

ಹೆಂಟೆ ಕೊಟ್ಟ ಮೇಲೆ ಮರಿ ತಿಂದಿತು. ತಿನ್ನುವಾಗ ಒಮ್ಮೆ ತನ್ನ ಚೂಪು ಮೂತಿಯನ್ನು ಸೂಜವ್ವನ ಮುಂಗಾಲಿನ ಮೇಲೆ ಇಟ್ಟಿತು. ಒಂದೇ ಒಂದು ಗಳಿಗೆ. ಅಷ್ಟಕ್ಕೇ ಅವಳ ಕಣ್ಣು ತುಂಬಿತು.

ಆದರೆ ಮರುದಿನದಿಂದ ವಿಚಿತ್ರಗಳು ಆರಂಭವಾದವು.

ಮುಳ್ಳುಹಂದಿಗಳ ಮನೆಗಳಲ್ಲಿ ಒಂದು ಪದ್ಧತಿಯಿದೆ. ಊಟದ ಹೊತ್ತಾದಾಗ ತಾಯಿ ಬಿಲದ ಬಾಯಲ್ಲಿ ನಿಂತು ಬೆನ್ನಿನ, ಬಾಲದ ಮುಳ್ಳುಗಳನ್ನು ಕೊಡವುತ್ತಾಳೆ. ಅವಳಿಗೆ ಅದು ಗೆಜ್ಜೆ ಕಟ್ಟಿದಷ್ಟೇ ಸಹಜ. ಹನ್ನೊಂದು ಮರಿಗಳೂ ಆ ಕರೆಗೆ ಬಿದ್ದೆನೋ ಎದ್ದೆನೋ ಎಂದು ಓಡಿಬರುತ್ತಿದ್ದವು. ಸೂಜವ್ವ ಉಂಡೆಯನ್ನೂ ಹಾಗೆಯೇ ಕರೆದಳು. ಮರಿ ಬರಲಿಲ್ಲ. ಬಿಲದ ಮೂಲೆಯಲ್ಲಿ ಕಲ್ಲಿನಂತೆ ಸುತ್ತಿಕೊಂಡು, ಒಳಗಿನಿಂದ ಪಿಸುಗುಟ್ಟಿತು: "ಬಂತು."

"ಏನು ಬಂತು?"

"ಬಂತು. ಬಂತು."

"ಓಹೋ, ಗುಮ್ಮನೇ? 'ಗುಮ್ಮ ಬಂದ' ಅನ್ನಬೇಕು ಕಣೋ, 'ಬಂತು' ಅಲ್ಲ" ಎಂದು ಸೂಜವ್ವ ತಿದ್ದಿದಳು. ಆಮೇಲೆ, ಬಾಯಿಗೆ ಬಂದ ಹಳೆಯ ಜೋಗುಳವನ್ನೇ ಹಾಡಿದಳು: "ಸುಮ್ಮನೆ ಹೊರಗೆ ಬಾ. ಬರದಿದ್ದರೆ ಗುಮ್ಮನಿಗೆ ಕೊಟ್ಟುಬಿಡುತ್ತೇನೆ!"

ಮರಿ ಸುಮ್ಮನಾಯಿತು. ಎಷ್ಟು ಸುಮ್ಮನಾಯಿತೆಂದರೆ ಎರಡು ದಿನ ಅದರ ಉಸಿರೂ ಕೇಳಿಸಲಿಲ್ಲ.

ಬಿಲವಾಸಿಗಳಿಗೆ ಹಗಲೇ ಇರುಳಲ್ಲವೇ? ಎಲ್ಲರೂ ಮಲಗಿರುವ ನಡುಹಗಲೇ ಅವರಿಗೆ ಭೂತಪ್ರೇತಗಳ ಹೊತ್ತು. ಒಂದು ಮಧ್ಯಾಹ್ನ ಸೂಜವ್ವನಿಗೆ ಎಚ್ಚರವಾಯಿತು. ಪಕ್ಕದಲ್ಲಿ ಮರಿಯಿಲ್ಲ. ನೆಲದ ಮೇಲೆ ಬೂದಿಯ ಹೆಜ್ಜೆಗಳಿದ್ದವು. ಈಚೆ ದಡದಲ್ಲಿ ಹಿಡಿ ಬೂದಿಯೂ ಇಲ್ಲ. ಆದರೂ ಬಿಲದ ಬಾಯಿಂದ ಅವಳ ತಲೆಯ ತನಕ ಬಂದು, ಅಲ್ಲಿ ಸ್ವಲ್ಪ ಹೊತ್ತು ನಿಂತು, ತಿರುಗಿ ಹೋದ ಬೂದಿಯ ಹೆಜ್ಜೆಗಳು! ಅವು ಹಿಂದಿನ ದಿನದವೋ ಇಂದಿನವೋ ತಿಳಿಯಲಿಲ್ಲ. ತಾನು ಮಲಗಿದ್ದಾಗ ಯಾರೋ ತನ್ನನ್ನು ನಿಂತು ನೋಡಿದ್ದಾರೆ ಎನಿಸಿ ಅವಳ ಮುಳ್ಳು ನಿಮಿರಿತು. ಅದೇ ಹೊತ್ತಿಗೆ ಮರಿ ಬಿಲದ ಬಾಯಿಗೆ ಬಂದಿತ್ತು. ಒಳಗೆ ಇಣುಕಿ, "ಬಂತು!" ಎಂದು ಕಿರುಚಿ ಅಲ್ಲೇ ಉಂಡೆಯಾಯಿತು.

ಸೂಜವ್ವ ತಿರುಗಿ ನೋಡಿದಳು. ಬಿಲದಲ್ಲಿ ಅವಳೊಬ್ಬಳೇ ಇದ್ದಳು.

ಅದಾದ ಮೇಲೆ ದಿನವೂ ಹೀಗೆಯೇ. ಮರಿ ಕಿರುಚಿದಷ್ಟೂ ಸೂಜವ್ವನಿಗೆ ಹೆದರಿಕೆ; ಸೂಜವ್ವ ಹೆದರಿದಷ್ಟೂ ಮರಿಯ ಕಿರುಚಾಟ. ಕೊಟ್ಟ ಹೆಂಟೆಗಳಲ್ಲಿ ಅರ್ಧ ಮಾಯವಾಗುತ್ತಿತ್ತು. ಮರಿ ಮಾತ್ರ ಸೊರಗುತ್ತಿತ್ತು. ಕೊನೆಗೊಂದು ಬೆಳಗ್ಗೆ ಕೆಂಪಕ್ಕ ಕೊಂಬೆಯಿಂದ ಕೊಂಬೆಗೆ ಹಾರುತ್ತ, ಏದುಸಿರು ಬಿಡುತ್ತ ಸಭೆಗೆ ಬಂದಳು.

"ನನ್ನ ಕಣ್ಣಾರೆ ಕಂಡೆ! ನಿನ್ನೆ ಮಧ್ಯಾಹ್ನ ಆ ಮರಿ ಕಲ್ಲಿನಿಂದ ಕಲ್ಲಿಗೆ ಜಿಗಿದು ತೊರೆ ದಾಟಿ ಕರಿದಿಬ್ಬಕ್ಕೆ ಹೋಯಿತು. ಸುಟ್ಟ ಮರದ ಮುಂದೆ ಹೆಂಟೆಗಳನ್ನು ಸಾಲಾಗಿ ಜೋಡಿಸಿತು. ಎಡೆ ಇಟ್ಟ ಹಾಗೆ! ಯಾರ ಜೊತೆಗೋ ಪಿಸಪಿಸ ಮಾತಾಡಿತು. ಆಚೆಯಿಂದ 'ಹೂಂ' ಅಂತ ಉತ್ತರವೂ ಬಂತು!"

ಮರಿಗಳಿದ್ದವರು ತಮ್ಮ ಮರಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅಂದರೆ ಗುಮ್ಮನಿಗೆ ದಾರಿ ತೋರಿಸುತ್ತಿರುವುದು ಅದೇ" ಎಂದ ದಾಡೆಪ್ಪ. "ಗುಮ್ಮನ ಮರಿಯನ್ನು ಗುಮ್ಮನಿಗೇ ಒಪ್ಪಿಸೋಣ. ನಾಳೆ ಬೆಳಗ್ಗೆ ಎಲ್ಲರೂ ಇಲ್ಲಿ ಸೇರೋಣ. ಅದನ್ನು ದಿಬ್ಬದ ಮೇಲೆ ಬಿಟ್ಟು ಬರೋಣ."

"ದಾಡೆಪ್ಪ, ಅವಸರ ಬೇಡ" ಎಂದರು ಮೇಷ್ಟ್ರು.

"ನಮ್ಮ ಮರಿಗಳ ಗತಿಯೇನು, ಮೇಷ್ಟ್ರೇ? ನಾಳೆ ಅವೂ ಎಡೆ ಇಡಲು ಹೊರಟರೆ?"

ಅದಕ್ಕೆ ಹಲವರು ತಲೆಯಾಡಿಸಿದರು. ಸೂಜವ್ವನಿಗೆ ತನ್ನ ಮುಂಗಾಲಿನ ಮೇಲೆ ಒಂದು ಗಳಿಗೆ ಕುಳಿತು ಹೋದ ಆ ಚೂಪು ಮೂತಿಯ ಭಾರ ಮಾತ್ರ ನೆನಪಾಗುತ್ತಿತ್ತು.

ಗುಮ್ಮನನ್ನೇ ಕಂಡು ಬೇಡಿಕೊಳ್ಳಬೇಕು. ಬೇರೆ ದಾರಿಯಿಲ್ಲ.

ಅಂದು ನೆತ್ತಿಯ ಮೇಲೆ ಸೂರ್ಯ ನಿಂತಾಗ ಅವಳು ಗುಮ್ಮನಿಗೆ ಕಾಣಿಕೆಯೆಂದು ಹುತ್ತದ ಹೆಂಟೆಯೊಂದನ್ನು ಕಚ್ಚಿಕೊಂಡು ತೊರೆ ದಾಟಿದಳು. ಮರಿ ಆಗಲೇ ಮುಂದೆ ಹೋಗಿತ್ತು. ಬೂದಿಯಲ್ಲಿ ಅದರ ಹೆಜ್ಜೆಗಳಿದ್ದವು. ಬಿಲದಲ್ಲಿ ಕಂಡ ಹೆಜ್ಜೆಗಳೂ ಇವೇ! ಅಂದರೆ ತಾನು ಮಲಗಿದ್ದಾಗ ತಲೆಯ ಬಳಿ ಬಂದು ನಿಂತು ನೋಡುತ್ತಿದ್ದದ್ದು ಮರಿಯೇ? ಏನನ್ನು ನೋಡುತ್ತಿತ್ತು?

ದಿಬ್ಬದ ಮೇಲೆ ಅವಳ ಉಸಿರಿಗಿಂತ ಜೋರಾದ ಸದ್ದು ಇರಲಿಲ್ಲ. ಕಪ್ಪು ಮರಗಳು ದಾರಿಯ ಎರಡೂ ಬದಿಗೆ ನಿಂತಿದ್ದವು, ಬಂದವರನ್ನು ಎಣಿಸುವವರಂತೆ. ಅವಳು ಮುಂದೆ ಹೋದ ಮೇಲೆ ಹಿಂದೆ ಏನೋ ಹೆಜ್ಜೆಯಿಟ್ಟಂತೆ ಆಗುತ್ತಿತ್ತು. ನಿಂತರೆ ಅದೂ ನಿಲ್ಲುತ್ತಿತ್ತು.

ಮತ್ತಿಮರದ ಬುಡದಲ್ಲಿ ಹೆಂಟೆಗಳ ಸಾಲು ಕಂಡಿತು. ಒಂದನ್ನೂ ಯಾರೂ ಮುಟ್ಟಿರಲಿಲ್ಲ. ಸಾಲಿನ ಆಚೆ ನೆಲದಲ್ಲಿ, ದೊಡ್ಡ ಉಂಡೆಯೊಂದು ಬಹಳ ಹೊತ್ತು ಒರಗಿದ್ದ ಗುಂಡನೆಯ ತಗ್ಗಿತ್ತು. ಅದನ್ನು ನೋಡಿದೊಡನೆ ಸೂಜವ್ವನಿಗೆ ತಿಳಿಯಿತು. ಎಡೆ ಗುಮ್ಮನಿಗಲ್ಲ. ತಾಯಿ ಕೊನೆಯ ಸಲ ಇದ್ದ ಜಾಗಕ್ಕೆ ಮರಿ ದಿನವೂ ಊಟ ತರುತ್ತಿತ್ತು.

ಅವಳು ಹೆಂಟೆಗಳು ಕದಲದಂತೆ ಸುತ್ತಿ ಬಂದಳು. ಮರದ ಟೊಳ್ಳಿನ ಬಾಯಿ ಕಿರಿದಾಗಿತ್ತು. ಒಳಗಿನಿಂದ ಒಂದು ಕಣ್ಣು ಅವಳನ್ನು ನೋಡುತ್ತಿತ್ತು.

"ಮರೀ," ಸೂಜವ್ವ ಹೆಂಟೆಯನ್ನು ಕೆಳಗಿಟ್ಟು ಪಿಸುಗುಟ್ಟಿದಳು, "ಗುಮ್ಮ ಎಲ್ಲಿದ್ದಾನೆ?"

ಗಾಳಿ ಹೂಂಗುಟ್ಟಿತು.

"ಹೇಳು ಕಂದ. ನಾನು ಅವನ ಹತ್ತಿರ ಮಾತಾಡಬೇಕು."

"ಇಲ್ಲಿ ಇರಲ್ಲ" ಎಂದಿತು ಮರಿ. "ನೀನು ಬಂದರೆ ಬರುತ್ತೆ."

"ನನ್ನ ಜೊತೆಗೋ?"

"ನಿನ್ನ ಹಿಂದೆ."

"ಈಗ... ಈಗ ಎಲ್ಲಿದೆ?"

"ನಿನ್ನ ಬೆನ್ನ ಮೇಲೆ. ಮಲಗಿದೆ."

ತಿರುಗಿ ನೋಡುವ ಧೈರ್ಯ ಅವಳಿಗಾಗಲಿಲ್ಲ. ಅವಳ ಕತ್ತಿನ ಮುಳ್ಳು ಎದ್ದಿತು. ಹಿಂದೆಯೇ ಬೆನ್ನಿನವು ಎದ್ದವು, ಕೊನೆಗೆ ಬಾಲದವು.

"ಎದ್ದಿತು!" ಮರಿಯ ಕಿರುಚಾಟ ಟೊಳ್ಳಿನಲ್ಲಿ ಮೊಳಗಿತು. "ಬಂತು! ಬಂತು!"

ಚಟಚಟ. ಚಟಚಟಚಟ.

ಸೂಜವ್ವ ಆ ಸದ್ದನ್ನು ಕೇಳಿದಳು. ತನ್ನ ಉಸಿರಿನ ಸದ್ದು ತನಗೆ ಹೇಗೆ ಕೇಳಿಸುವುದಿಲ್ಲವೋ ಹಾಗೆ ಹುಟ್ಟಿದಂದಿನಿಂದ ಅವಳು ಅದನ್ನು ಕೇಳಿಸಿಕೊಂಡಿರಲೇ ಇಲ್ಲ. ಗೆಜ್ಜೆ ಎಂದುಕೊಂಡಿದ್ದಳು. ಇದೇ ಸದ್ದನ್ನು ಅವಳು ತನ್ನ ದಡದಲ್ಲಿ ನಿಂತು ಒಮ್ಮೆ ಕೇಳಿದ್ದಳು: ಬೇಸಿಗೆಯ ಆ ಮಧ್ಯಾಹ್ನ, ಒಣ ಎಲೆಗಳೂ ಬಿದಿರೂ ಚಟಚಟನೆ ಉರಿಯುವಾಗ.

ಮರಿ ತಪ್ಪು ಮಾತಾಡಿರಲಿಲ್ಲ. ಗುಮ್ಮನಾದರೆ 'ಬಂದ' ಎನ್ನಬೇಕು. ಕಿಚ್ಚಾದರೆ 'ಬಂತು' ಎಂದೇ ಅನ್ನಬೇಕು.

ಪ್ರತಿದಿನ ಊಟದ ಹೊತ್ತಿಗೆ ಅವಳು ಬಿಲದ ಬಾಗಿಲಲ್ಲಿ ನಿಂತು ಕಿಚ್ಚನ್ನು ಕರೆದಿದ್ದಳು. ಮರಿ ಉಂಡೆಯಾದಾಗ, ಗುಮ್ಮನಿಗೆ ಕೊಡುತ್ತೇನೆ ಎಂದಿದ್ದಳು. ಅವಳು ಮಲಗಿದ ಮೇಲೆ ಮರಿ ಹತ್ತಿರ ಬಂದು, ಕಿಚ್ಚೂ ಮಲಗಿತೇ ಎಂದು ಅವಳ ಬೆನ್ನನ್ನು ನೋಡಿ ಹೋಗುತ್ತಿತ್ತು. ಜೋಗುಳವೆಂದು ತಾನು ಹಾಡಿದ್ದು ಏನನ್ನು? ಸುಮ್ಮನಾಗುವುದೂ ಸಮಾಧಾನವಾಗುವುದೂ ಒಂದೆಯೇ?

ಅರಿವಾಯಿತು, ಆದರೆ ಮುಳ್ಳು ಇಳಿಯಲಿಲ್ಲ. ಇಳಿಯಬೇಕೆಂದು ಒದ್ದಾಡಿದಷ್ಟೂ ಮೈ ನಡುಗಿತು, ನಡುಗಿದಷ್ಟೂ ಚಟಚಟ. ಟೊಳ್ಳಿನೊಳಗೆ ಮರಿ ಮರದ ಗೋಡೆಗೆ ಅಪ್ಪಳಿಸಿಕೊಳ್ಳುತ್ತಿತ್ತು. ಕೈಯಿಟ್ಟು ಎಳೆದುಕೊಂಡುಬಿಡಲೇ ಎನಿಸಿತು. ಆಗ, ಹಿಂದಿನ ಸಾಲಿನಲ್ಲಿ ಕುಳಿತು ತಾನು ನಕ್ಕಿದ್ದ ಮಾತು ನೆನಪಾಯಿತು: 'ಮೊದಲು ನಿಮ್ಮ ರೋಮ ಇಳಿಯಲಿ.'

ಸೂಜವ್ವ ಹಿಂದಕ್ಕೆ ಸರಿದಳು. ಬೂದಿಯಲ್ಲಿ ಹೊಟ್ಟೆಯೂರಿ ಮಲಗಿದಳು. ಗಲ್ಲವನ್ನು ನೆಲಕ್ಕಿಟ್ಟಳು. ಮರಿಯನ್ನು ನೋಡಲಿಲ್ಲ, ಕರೆಯಲಿಲ್ಲ. ಉಸಿರನ್ನು ಒಳಗೆ ತಂದು ನಿಧಾನ ಬಿಟ್ಟಳು. ಮತ್ತೆ ತಂದಳು, ಬಿಟ್ಟಳು. ಬಾಲದ ಮುಳ್ಳು ಇಳಿಯಿತು. ಬೆನ್ನಿನವು ಒಂದೊಂದಾಗಿ ಇಳಿದವು. ಕತ್ತಿನ ಒಂದು ಹಟಮಾರಿ ಮುಳ್ಳು ಮಾತ್ರ ಬಹಳ ಹೊತ್ತು ನಿಂತೇ ಇತ್ತು. ಅದೂ ಇಳಿಯಿತು.

ಮರದ ನೆರಳು ಒಂದು ಮಾರು ಸರಿದ ಮೇಲೆ ಅವಳು ತಂದಿದ್ದ ಹೆಂಟೆಯನ್ನು ಮೂತಿಯಿಂದ ನೂಕಿ ಟೊಳ್ಳಿನ ಬಾಯಿಗೆ ಇಟ್ಟಳು. ಒಳಗೆ ಕೈ ಹಾಕಲಿಲ್ಲ.

"ಅದು ನನ್ನ ಮುಳ್ಳಿನ ಸದ್ದು, ಮರೀ" ಎಂದಳು. "ನನಗೆ ಗೊತ್ತಿರಲಿಲ್ಲ. ಹೆದರಿಸಿದವಳು ನಾನೇ. ತಪ್ಪಾಯಿತು."

ಒಂದು ಉದ್ದನೆಯ ನಾಲಿಗೆ ಹೊರಬಂದು ಹೆಂಟೆಯನ್ನು ಸವರಿತು.

"ನಿನ್ನ ಅಮ್ಮ ನಿನ್ನನ್ನು ಹೇಗೆ ಕರೆಯುತ್ತಿದ್ದಳು?"

ಅವಳು ಕೇಳಿದ್ದು ಹೆಸರನ್ನು. ಮರಿ ಹೆಸರು ಹೇಳಲಿಲ್ಲ. ಟೊಳ್ಳಿನೊಳಗೆ ಬಾಲದಿಂದ ನೆಲವನ್ನು ಎರಡು ಸಲ ಮೆಲ್ಲಗೆ ಬಡಿಯಿತು. ತಪ್, ತಪ್.

ಸೂಜವ್ವ ಮುಂಗಾಲಿನಿಂದ ಬೂದಿಯನ್ನು ತಟ್ಟಿದಳು. ತಪ್, ತಪ್.

ಒಳಗಿನಿಂದ ಮತ್ತೆ: ತಪ್, ತಪ್.

ಹಿಂದಿರುಗುವಾಗ ಮರಿ ಒಂದೇ ಮಾತು ಹೇಳಿತು: "ನೀನು ಮುಂದೆ ಹೋಗು." ತನ್ನ ಬೆನ್ನು ಅದಕ್ಕೆ ಕಾಣುತ್ತಿರಬೇಕು ಎಂದು ಸೂಜವ್ವನಿಗೆ ಅರ್ಥವಾಯಿತು. ತೊರೆಯ ತನಕ ಅವಳು ಒಂದು ಮುಳ್ಳೂ ಅಲುಗದಂತೆ, ತುಂಬಿದ ಕೊಡ ಹೊತ್ತವಳಂತೆ ನಡೆದಳು.

ಮರುದಿನ ಬೆಳಗ್ಗೆ ಅತ್ತಿಮರದ ಕೆಳಗೆ ಎಲ್ಲರೂ ಸೇರಿದ್ದರು. ಸೂಜವ್ವ ಬಂದಳು. ಹತ್ತು ಹೆಜ್ಜೆ ಹಿಂದೆ ಮರಿಯೂ ಬಂತು.

"ಏನು ಸೂಜವ್ವ, ಗುಮ್ಮನನ್ನು ಹುಡುಕಿಕೊಂಡು ಹೋಗಿದ್ದೆಯಂತೆ. ಸಿಕ್ಕನೋ?" ಎಂದ ದಾಡೆಪ್ಪ.

"ಸಿಕ್ಕ."

ಸಭೆ ಹಿಮ್ಮೆಟ್ಟಿತು. ಕೆಂಪಕ್ಕ ಒಂದು ಕೊಂಬೆ ಮೇಲಕ್ಕೆ ಹಾರಿದಳು. "ಅಯ್ಯೋ! ಎಲ್ಲಿ?"

"ಇಗೋ, ಇಲ್ಲಿ." ಸೂಜವ್ವ ತಿರುಗಿ ತನ್ನ ಬೆನ್ನು ತೋರಿಸಿದಳು. ನಡೆದದ್ದನ್ನೆಲ್ಲ ಹೇಳಿದಳು. ಗೆಣಸಿನ ಕತೆಯಿಂದ ಬೂದಿಯ ಹೆಜ್ಜೆಯ ತನಕ ಒಂದನ್ನೂ ಮುಚ್ಚಿಡಲಿಲ್ಲ.

ದಾಡೆಪ್ಪ ಗುರುಗುಟ್ಟಿದ. "ಮುಳ್ಳಿನ ಸದ್ದಿಗೆ ಯಾರಾದರೂ ಕಿಚ್ಚೆಂದು ಬೆಚ್ಚುತ್ತಾರೆಯೇ? ಒಮ್ಮೆ ಕೊಡವಿ ತೋರಿಸು. ಎಲ್ಲರೂ ನೋಡಲಿ."

"ಕೊಡವುವುದಿಲ್ಲ."

"ಏಕೆ?"

"ಮರಿ ಇಲ್ಲಿದೆ."

"ತೋರಿಸದಿದ್ದರೆ ನಂಬುವುದು ಹೇಗೆ? ಇದೆಲ್ಲ ಮರಿಯ ನಾಟಕ! ನಿನ್ನ ಕುರುಡು ಮೋಹ!" ದಾಡೆಪ್ಪ ಸಿಟ್ಟಿನಿಂದ ಕಾಲನ್ನು ನೆಲಕ್ಕೆ ಅಪ್ಪಳಿಸಿದ. ಕಾಲ ಕೆಳಗೆ ಒಣ ಬಿದಿರಿನ ತುಂಡೊಂದಿತ್ತು.

ಚಟಾರ್!

ಬೆಚ್ಚಿದ ಮರಿಗಳ ಹಾಗೆ ಎಲ್ಲರೂ ಒಮ್ಮೆಲೇ ತೆಂಕಣಕ್ಕೆ ತಿರುಗಿದರು. ಕೆಂಪಕ್ಕ ಮರದ ತುದಿಯಲ್ಲಿದ್ದಳು. ಮೇಷ್ಟ್ರ ರೆಕ್ಕೆಗಳು ಅವರಿಗೆ ತಿಳಿಯದಂತೆ ಅರ್ಧ ಬಿಚ್ಚಿದ್ದವು. ಆಚೆ ದಡದಿಂದ ಗಾಳಿ "ಹೂಂ" ಎಂದಿತು.

ದಾಡೆಪ್ಪನೆಲ್ಲಿ? ಅವನು ನಿಂತಿದ್ದ ಜಾಗ ಖಾಲಿಯಾಗಿತ್ತು. ಅತ್ತಿಮರದ ದಪ್ಪ ಬೇರಿನ ಹಿಂದೆ ಅವನ ಎರಡು ಕಿವಿಗಳು ನಡುಗುತ್ತಿದ್ದವು.

ನಗಬಹುದಾಗಿತ್ತು. ಸೂಜವ್ವ ನಗಲಿಲ್ಲ. "ಬಿದಿರು ಕಣಣ್ಣ" ಎಂದಳು ಮೆಲ್ಲಗೆ. "ಬರೀ ಬಿದಿರು. ಬಾ."

ದಾಡೆಪ್ಪ ಹೊರಗೆ ಬಂದ. "ಅವತ್ತು ನನ್ನ ಬಾಲ ಹೊತ್ತಿಕೊಂಡಿತ್ತು" ಎಂದ. "ಯಾರಿಗೂ ಹೇಳಿಲ್ಲ."

"ಯಾರೂ ಕೇಳಲೂ ಇಲ್ಲ" ಎಂದರು ಮೇಷ್ಟ್ರು, ತಮ್ಮ ರೆಕ್ಕೆಗಳನ್ನು ಮಡಿಸಿಕೊಳ್ಳುತ್ತ. "ನನ್ನದೇ ತಪ್ಪು. ಸಾಕುವವರಿಗೆ ಪಾಠ ಹೇಳಿದೆ. ಸಾಕುವವರೂ ಅದೇ ಕಿಚ್ಚನ್ನು ದಾಟಿ ಬಂದವರೆಂಬುದನ್ನು ಮರೆತೆ."

ಮರಿ ಉಂಡೆಯಾಗಿತ್ತು. ಕೆಂಪಕ್ಕ ಕೆಳಗಿಳಿದು ಬಂದು, "ಪಾಪ! ಎಬ್ಬಿಸಲೇ?" ಎಂದು ಕೈ ಚಾಚಿದಳು.

"ಬೇಡ ಕೆಂಪಕ್ಕ" ಎಂದ ದಾಡೆಪ್ಪ. "ತಾನಾಗಿ ಏಳಲಿ."

ಎಲ್ಲರೂ ಕುಳಿತರು. ಸೂಜವ್ವ ಹೊಟ್ಟೆಯೂರಿ ಮಲಗಿ, "ಅದು ಬಿದಿರು, ಮರೀ. ನಾನಿಲ್ಲೇ ಇದ್ದೇನೆ" ಎಂದು ಒಮ್ಮೆ ಹೇಳಿದಳು. ಮುಂಗಾಲಿನಿಂದ ನೆಲ ತಟ್ಟಿದಳು. ತಪ್, ತಪ್. ಆಮೇಲೆ ಕಾದಳು. ಅತ್ತಿಯ ನೆರಳು ಒಂದು ಬೇರಿನಿಂದ ಇನ್ನೊಂದು ಬೇರಿಗೆ ಸರಿಯಿತು. ಹಣ್ಣೊಂದು ಉದುರಿತು. ಅಷ್ಟು ಜನ ಅಷ್ಟು ಹೊತ್ತು ಮಾತಿಲ್ಲದೆ ಕುಳಿತದ್ದು ಆ ಕಾಡಿನಲ್ಲಿ ಅದೇ ಮೊದಲು.

ಉಂಡೆಯಲ್ಲಿ ಒಂದು ಸೀಳು ಮೂಡಿತು. ಸೀಳಿನಲ್ಲಿ ಒಂದು ಕಣ್ಣು. ಹೊರಗೆ ಬಂದ ಬಾಲದ ತುದಿ ನೆಲವನ್ನು ಮುಟ್ಟಿತು.

ತಪ್.

ಒಂದೇ ಸಲ. ಎರಡನೆಯದು ಇನ್ನೊಂದು ದಿನಕ್ಕೆ ಉಳಿಯಿತು.

ಸೂಜವ್ವ ಎದ್ದು ನಿಂತು, ಸಭೆಯ ಎಲ್ಲರಿಗೂ ಕೇಳಿಸುವಂತೆ, ಆದರೆ ಮರಿ ಬೆಚ್ಚದಷ್ಟು ಮೆಲುದನಿಯಲ್ಲಿ ಹೇಳಿದಳು:

"ಎಲ್ಲರೂ ಕೇಳಿ. ಈ ಮರಿ ನನ್ನ ಬಿಲದಲ್ಲೇ ಇರುತ್ತದೆ. ಕರಿದಿಬ್ಬಕ್ಕೆ ಹೋಗಬೇಕೆನಿಸಿದ ದಿನ ಅಲ್ಲಿಗೂ ಹೋಗುತ್ತದೆ, ಜೊತೆಗೆ ನಾನೂ ಹೋಗುತ್ತೇನೆ. ಇಂದಿನಿಂದ ನನ್ನ ಮನೆಯಲ್ಲಿ ಊಟಕ್ಕೆ ಮುಳ್ಳು ಕೊಡವುವುದಿಲ್ಲ, ಅಳುವ ಮರಿಗೆ ಗುಮ್ಮನ ಹೆಸರು ಹೇಳುವುದಿಲ್ಲ. ನಾಳಿದ್ದು ಬೆಳಗ್ಗೆ ಪಾಠಕ್ಕೆ ಬರುತ್ತೇನೆ. ಮೇಷ್ಟ್ರೇ, ಮುಂದಿನ ಸಾಲಿನಲ್ಲಿ ನನಗೊಂದು ಜಾಗ ಇಡಿ. ದಾಡೆಪ್ಪಣ್ಣನಿಗೂ ಒಂದು."

ನೀತಿ: ಹೆದರಿದ ಮಗುವನ್ನು ಮತ್ತೆ ಹೆದರಿಸಿದರೆ ಅದು ಸುಮ್ಮನಾದೀತು, ಸಮಾಧಾನಗೊಳ್ಳದು; ಸಾಕುವ ಕೈ ಮೊದಲು ತನ್ನ ಮುಳ್ಳಿನ ಸದ್ದನ್ನು ತಾನೇ ಕೇಳಿಸಿಕೊಳ್ಳಬೇಕು.